ಮೆಣಸಿನಕಾಯಿಯ ಬಣ್ಣ ಕಾಯುವ ಗ್ಯಾಸ್

ಬ್ಯಾಡಗಿಗೆ ವರದಿಗೆಂದು ಹೋದಾಗಲೆಲ್ಲ ನಮ್ಮ ಮೂಗಿಗೆ ಎರಡು ಸಲ ಪರೀಕ್ಷೆ. ಮೊದಲನೆಯದು ಎಪಿಎಂಸಿ ಪ್ರಾಂಗಣದಲ್ಲಿ. ಹಮಾಲರು ಚೀಲ ಸುರಿದರೆ ಸಾಕು, ಒಣಮೆಣಸಿನಕಾಯಿ ಘಾಟಿಗೆ ಸೀನು ಶುರು. ಎರಡನೆಯದು ಕೋಲ್ಡ್ ಸ್ಟೋರೇಜಿನ ಯಂತ್ರದ ಕೋಣೆಯಲ್ಲಿ. ಅಲ್ಲಿ ಸಣ್ಣಗೆ ಮೂಗಿಗೆ ಬಡಿಯುವ ವಾಸನೆ ಹಳ್ಳಿಯವರಾದ ನಮಗೆ ಹೊಸದೇನಲ್ಲ. ಬೆಳಗ್ಗೆ ದನದ ಕೊಟ್ಟಿಗೆಯ ಬಾಗಿಲು ತೆಗೆದಾಗ ಹಳೆಯ ಗಂಜಲದಿಂದ ಏಳುವ ವಾಸನೆಯೇ ಅದು. ಎರಡಕ್ಕೂ ಕಾರಣ ಅಮೋನಿಯಾ. ಅಲ್ಲಿ ಕೆಲಸ ಮಾಡುವವರ ಬಾಯಲ್ಲಿ ಬರೀ 'ಗ್ಯಾಸ್'.

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಕಡುಗೆಂಪು ಬಣ್ಣದಿಂದ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ಆದರೆ ಆ ಬಣ್ಣ ಬೇಸಿಗೆಯ ಶಾಖಕ್ಕೆ ದಿನೇ ದಿನೇ ಮಂಕಾಗುತ್ತದೆ. ಹೊರಗೆ ಏಪ್ರಿಲ್ ಬಿಸಿಲು ಸುಡುವಾಗ ಒಳಗೆ ಒಂದಂಕಿ ಡಿಗ್ರಿ ಚಳಿ ಇದ್ದರೆ ಮಾತ್ರ ಅದು ಉಳಿಯುತ್ತದೆ. ಹಾಗೆ ಉಳಿಸಲು ಖರ್ಚು ಎಷ್ಟು ಎಂಬ ಲೆಕ್ಕದ ಮೇಲೆ ಚೀಲದ ಬಾಡಿಗೆ ನಿಂತಿದೆ. ಈ ಲೆಕ್ಕಕ್ಕೆ ನೂರೈವತ್ತು ವರ್ಷದ ಚರಿತ್ರೆ ಇದೆ.

ಹಡಗಿನ ಐಸು, ಲಿಂಡೆಯ ಯಂತ್ರ

ಯಂತ್ರ ಬರುವ ಮುಂಚೆ ತಂಪು ಹಡಗಿನಲ್ಲಿ ಬರುತ್ತಿತ್ತು. ಅಮೆರಿಕದ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ 'ಟಸ್ಕನಿ' ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆ ಕಳಿಸಿದ. ನಾಲ್ಕು ತಿಂಗಳ ದಾರಿ ಮುಗಿದಾಗ ಉಳಿದದ್ದು ಸುಮಾರು 100 ಟನ್. ಚೆನ್ನೈನ ಮರೀನಾ ಎದುರಿನ 'ಐಸ್ ಹೌಸ್' ಕಟ್ಟಡ ಆ ವ್ಯಾಪಾರದ ಗುರುತಾಗಿ ಇಂದಿಗೂ ನಿಂತಿದೆ.

1859ರಲ್ಲಿ ಫ್ರಾನ್ಸಿನ ಫರ್ಡಿನಾಂಡ್ ಕಾರೆ ಅಮೋನಿಯಾ ಮತ್ತು ನೀರು ಬಳಸಿ, ಬೆಂಕಿಯ ಶಾಖದಿಂದಲೇ ಮಂಜುಗಡ್ಡೆ ಮಾಡುವ ಯಂತ್ರ ರೂಪಿಸಿದ. ಆಮೇಲೆ ಬಂದವನು ಜರ್ಮನಿಯ ಕಾರ್ಲ್ ಲಿಂಡೆ. ಮ್ಯೂನಿಕ್‌ನಲ್ಲಿ ಪಾಠ ಹೇಳುತ್ತಿದ್ದ ಈತ ಯಂತ್ರ ಕಟ್ಟುವ ಮೊದಲೇ, 1870ರ ಸುಮಾರಿಗೆ, ಲೇಖನ ಬರೆದ. ಇಷ್ಟು ಶಕ್ತಿ ಖರ್ಚು ಮಾಡಿದರೆ ಎಷ್ಟು ಶಾಖ ಹೊರಗೆ ಹಾಕಬಹುದು ಎಂಬುದು ಅವನ ಪ್ರಶ್ನೆ. ಅದನ್ನು ಓದಿ ಬಂದವರು ಬಿಯರ್ ತಯಾರಕರು. 1876ರ ಹೊತ್ತಿಗೆ ಲಿಂಡೆಯ ಅಮೋನಿಯಾ ಕಂಪ್ರೆಸರ್ ಸಿದ್ಧವಾಗಿತ್ತು. ವಿದ್ಯುತ್ ಉಳಿತಾಯ ಈಚಿನ ಮಾತೆಂದು ನಾವು ತಿಳಿದಿದ್ದೆವು. ಈ ಯಂತ್ರ ಹುಟ್ಟಿದ್ದೇ ಉಳಿತಾಯದ ಲೆಕ್ಕದಿಂದ.

ಕೆಲಸ ಮಾಡುವ ಗುಟ್ಟು ಮಣ್ಣಿನ ಮಡಕೆಯದೇ. ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಶಾಖ ಹೀರಿಕೊಂಡು ಹೋಗುತ್ತದೆ. ಅಮೋನಿಯಾ ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ. ಗೋದಾಮಿನ ಕೊಳವೆಗಳಲ್ಲಿ ಅದು ಆವಿಯಾಗುತ್ತ ಒಳಗಿನ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ, ಕಂಡೆನ್ಸರ್ ಶಾಖವನ್ನು ಹೊರಗೆ ಚೆಲ್ಲಿ ಅದನ್ನು ಮತ್ತೆ ದ್ರವ ಮಾಡುತ್ತದೆ. ಒಂದು ಕಿಲೋ ಅಮೋನಿಯಾ ಆವಿಯಾಗುವಾಗ ಹೀರುವ ಶಾಖ ಸುಮಾರು 1,370 ಕಿಲೋಜೂಲ್. ಮನೆಯ ಫ್ರಿಜ್‌ಗಳಲ್ಲಿ ಬಳಕೆಗೆ ಬಂದ ಆರ್-134ಎ ಗ್ಯಾಸಿಗೆ ಹೋಲಿಸಿದರೆ ಆರು ಪಟ್ಟು.

ಬದಿಗಿಟ್ಟದ್ದು ಮತ್ತೆ ಬಂತು

ಘಾಟು, ವಿಷ ಎರಡೂ ಇರುವ ಗ್ಯಾಸ್ ಅಡುಗೆಮನೆಗೆ ಆಗಿಬರಲಿಲ್ಲ. 1928ರ ಬಳಿಕ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ವಾಸನೆಯಿಲ್ಲದ ಸಿಎಫ್‌ಸಿ ಗ್ಯಾಸ್ ತಂದರು. ಮನೆಯ ಫ್ರಿಜ್‌ನಲ್ಲಿ ಅದೇ ಗೆದ್ದಿತು. ಆದರೆ ಅದು ಓಝೋನ್ ಪದರವನ್ನು ತಿನ್ನುತ್ತದೆಂದು 1974ರಲ್ಲಿ ವಿಜ್ಞಾನಿಗಳು ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಬಿಡುವ ದಾರಿ ತೆರೆಯಿತು. ಬದಲಿಗೆ ಬಂದ ಗ್ಯಾಸ್‌ಗಳು ಭೂಮಿಯನ್ನು ಬಿಸಿ ಮಾಡುತ್ತವೆಂದು 2016ರ ಕಿಗಾಲಿ ತಿದ್ದುಪಡಿ ಅವಕ್ಕೂ ಕಡಿವಾಣ ಹಾಕಿತು. ಇವೆರಡೂ ದೋಷಗಳಿಲ್ಲದ ಅಮೋನಿಯಾ ದೊಡ್ಡ ಗೋದಾಮುಗಳಲ್ಲಿ ಅಷ್ಟೂ ವರ್ಷ ತನ್ನ ಪಾಡಿಗೆ ಓಡುತ್ತಲೇ ಇತ್ತು.

ನಮ್ಮ ದೇಶದಲ್ಲಿ 1964ರ ಕೋಲ್ಡ್ ಸ್ಟೋರೇಜ್ ಆದೇಶದಿಂದ ಬಂದ ಲೈಸೆನ್ಸ್ ಪದ್ಧತಿ 1997ರಲ್ಲಿ ಹೋಯಿತು. 1999ರಲ್ಲಿ ಸಬ್ಸಿಡಿ ಯೋಜನೆ ಬಂತು. ಹಳೆಯ ಕಟ್ಟಡಗಳು ಹೆಚ್ಚಾಗಿ ಉತ್ತರ ಪ್ರದೇಶ, ಪಶ್ಚಿಮ ಬಂಗಾಳದ ಆಲೂಗಡ್ಡೆಗಾಗಿ ಕಟ್ಟಿದಂಥವು. ಗೋಡೆಯಲ್ಲಿ ಭತ್ತದ ಹೊಟ್ಟು ಇಲ್ಲವೇ ಥರ್ಮೋಕೋಲ್, ಮೇಲೆ ಸಾಲು ಕೊಳವೆ, ತಾನಾಗಿ ಕೆಳಗಿಳಿಯುವ ತಣ್ಣನೆ ಗಾಳಿ. 2010ರಲ್ಲಿ ರಾಷ್ಟ್ರೀಯ ತೋಟಗಾರಿಕಾ ಮಂಡಳಿ ಹೊಸ ತಾಂತ್ರಿಕ ಮಾನದಂಡ ತಂದ ಮೇಲೆ ಪಫ್ ಪ್ಯಾನೆಲ್, ಫ್ಯಾನ್ ಇರುವ ಕಾಯಿಲ್, ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿ ಮಾತು ಜೋರಾಯಿತು.

ಇವುಗಳ ಲಾಭ ಸಣ್ಣದಲ್ಲ. ಫ್ಯಾನ್ ವೇಗವನ್ನು 80 ಶೇಕಡಕ್ಕೆ ಇಳಿಸಿದರೆ ಅದರ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಂಡೆನ್ಸರಿನ ಉಷ್ಣತೆ ಒಂದು ಡಿಗ್ರಿ ಇಳಿದರೆ ಕಂಪ್ರೆಸರ್ ವಿದ್ಯುತ್ತಿನಲ್ಲಿ 2ರಿಂದ 3 ಶೇಕಡ ಉಳಿತಾಯ. ಇದಕ್ಕೆ ಲಕ್ಷಗಟ್ಟಲೆ ಯಂತ್ರವೇ ಬೇಕೆಂದಿಲ್ಲ. ನಮ್ಮ ಕಡೆಯ ಬೋರ್‌ವೆಲ್ ಗಡಸು ನೀರಿನಿಂದ ಕೊಳವೆಗೆ ಕಟ್ಟುವ ಸುಣ್ಣದ ಪದರ ಕೆರೆಯುವುದು, ಒಳಗೆ ಸೇರಿದ ಗಾಳಿ ಹೊರಹಾಕುವುದು, ತಳದಲ್ಲಿ ನಿಂತ ಎಣ್ಣೆ ತೆಗೆಯುವುದು, ಬಾಗಿಲಿಗೆ ಪ್ಲಾಸ್ಟಿಕ್ ಪರದೆ ಕಟ್ಟುವುದು, ಇಷ್ಟರಿಂದಲೇ ಬಿಲ್ಲು ಇಳಿಯುತ್ತದೆ.

ಅಪಾಯವನ್ನೂ ಹೇಳಬೇಕು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ 300 ಭಾಗ ಮುಟ್ಟಿದರೆ ಜೀವಕ್ಕೇ ಕುತ್ತು. 2013ರಲ್ಲಿ ಶಾಂಘೈನ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಸೋರಿ 15 ಜನ ಸತ್ತರು. ವಾಸನೆ ಬೇಗ ತಿಳಿಯುತ್ತದೆ ಎಂಬುದೊಂದೇ ಕೆಲಸಗಾರರಿಗೆ ಕಾವಲಾಗಬಾರದು. ವಿದ್ಯುತ್ ಉಳಿಸಲು ಮಾಡುವ ದುರಸ್ತಿಯ ಜೊತೆಗೇ ವಾಲ್ವ್, ಮಾಸ್ಕ್, ಸೋರಿಕೆ ಅಲಾರಂಗಳನ್ನೂ ನೋಡಬೇಕು.

ಉಳಿದ ದುಡ್ಡು ಯಾರಿಗೆ?

2024ರ ಮಾರ್ಚ್ 11, ಸೋಮವಾರ. ಮೆಣಸಿನಕಾಯಿ ದರ ಕುಸಿದಿತ್ತು. ಸಿಟ್ಟಿಗೆದ್ದವರು ಬ್ಯಾಡಗಿ ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ದರ ಬಿದ್ದ ದಿನ ಮಾಲು ಮಾರದೆ ಮನೆಗೆ ಹೋಗಬಲ್ಲವನಿಗೆ ಕೋಲ್ಡ್ ಸ್ಟೋರೇಜ್ ಒಂದು ಆಸರೆ. ಸಾಲದ ಕಂತು ತಲೆಯ ಮೇಲಿರುವವನು ಅಂದೇ ಮಾರಬೇಕು. ಅವನ ಮಾಲನ್ನು ಕೊಂಡು ಒಳಗಿಟ್ಟವರಿಗೆ ಬಣ್ಣವೂ ಉಳಿಯುತ್ತದೆ, ಕಾಯುವ ಅವಕಾಶವೂ ಸಿಗುತ್ತದೆ.

ಲಿಂಡೆ ಕೇಳಿದ್ದು ಇಷ್ಟು ಶಕ್ತಿಗೆ ಎಷ್ಟು ತಂಪು ಎಂದು. ನಾವು ಅದಕ್ಕೆ ಇನ್ನೊಂದನ್ನು ಸೇರಿಸುತ್ತೇವೆ: ಕರೆಂಟ್ ಬಿಲ್ಲಿನಲ್ಲಿ ಉಳಿದದ್ದರಲ್ಲಿ ಚೀಲದ ಬಾಡಿಗೆ ಎಷ್ಟು ಇಳಿಯಿತು? ಸಬ್ಸಿಡಿ ಕೊಡುವವರು ಇದನ್ನು ಕೇಳಬೇಕು. ಅವರು ಕೇಳುವವರೆಗೆ, ಗೆಳೆಯರೇ, ನಿಮ್ಮ ತಾಲ್ಲೂಕಿನ ಕೋಲ್ಡ್ ಸ್ಟೋರೇಜಿಗೆ ಹೋದಾಗ ಎರಡು ವಿಷಯ ವಿಚಾರಿಸಿ ಬರೆಯಿರಿ. ಕಂಡೆನ್ಸರ್ ತೊಳೆದು ಎಷ್ಟು ದಿನವಾಯಿತು, ಮತ್ತು ಒಳಗಿರುವ ಚೀಲಗಳಲ್ಲಿ ರೈತರವು ಎಷ್ಟು.