ಅಶೋಕನ ಶಾಸನಗಳಿಂದ ಪ್ಯಾರಿಸ್ ಒಪ್ಪಂದದವರೆಗೆ: ಪರೀಕ್ಷಾರ್ಥಿಗಳಿಗೊಂದು ಕಿರು ಕೈಪಿಡಿ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ನಮ್ಮ ಮಕ್ಕಳು ಪ್ರಾಚೀನ ಭಾರತದ ಇತಿಹಾಸವನ್ನು ಒಂದು ಪುಸ್ತಕದಲ್ಲಿಯೂ ಅಂತಾರಾಷ್ಟ್ರೀಯ ಪರಿಸರ ಒಪ್ಪಂದಗಳನ್ನು ಮತ್ತೊಂದರಲ್ಲಿಯೂ ಓದುತ್ತಾರೆ. ಒಂದರಲ್ಲಿ ಶಾಸನಗಳ ಸಂಖ್ಯೆ, ಮತ್ತೊಂದರಲ್ಲಿ ಊರುಗಳ ಹೆಸರು, ಎರಡೂ ಬಾಯಿಪಾಠ. ಪರೀಕ್ಷೆಯ ಕೊಠಡಿಯಲ್ಲಿ ಮೊದಲು ಮರೆತುಹೋಗುವುದೂ ಇವೇ. ಆದರೆ ಎರಡರ ಹಿಂದೆಯೂ ಒಂದೇ ಪ್ರಶ್ನೆಯಿದೆ: ಜೀವರಕ್ಷಣೆಗೆ ನಿಯಮ ಸಾಕೇ, ಮನವೊಲಿಕೆಯೂ ಬೇಕೇ? ಈ ಪ್ರಶ್ನೆಯನ್ನು ಹಿಡಿದು ಓದಿದರೆ ವಿಷಯವು ಮನಸ್ಸಿನಲ್ಲಿ ನಿಲ್ಲುತ್ತದೆ.

ಅಶೋಕನ ಶಾಸನಗಳು

1ನೆಯ ಬಂಡೆಗಲ್ಲು ಶಾಸನ: ಅರಮನೆಯ ಅಡುಗೆಮನೆಯಲ್ಲಿ ಹಿಂದೆ ಅಸಂಖ್ಯ ಪ್ರಾಣಿಗಳ ವಧೆಯಾಗುತ್ತಿತ್ತು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಮುಂದೆ ಅವೂ ಇಲ್ಲ ಎನ್ನುತ್ತದೆ. ದೊರೆ ತನ್ನ ಮನೆಯಿಂದಲೇ ಆರಂಭಿಸಿದ್ದು ಗಮನಾರ್ಹ.

2ನೆಯ ಬಂಡೆಗಲ್ಲು ಶಾಸನ: ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ಔಷಧಿ ಸಸ್ಯಗಳು, ದಾರಿಬದಿಯ ಮರ ಹಾಗೂ ಬಾವಿಗಳು. ಚೋಳ, ಪಾಂಡ್ಯ ಮೊದಲಾದ ನೆರೆನಾಡುಗಳ ಹೆಸರೂ ಇಲ್ಲಿದೆ.

5ನೆಯ ಸ್ತಂಭ ಶಾಸನ: ಪಟ್ಟಾಭಿಷೇಕವಾಗಿ 26 ವರ್ಷಗಳಾದಾಗ ಹೊರಟ ಆಜ್ಞೆ. ಗಿಳಿ, ಬಾವಲಿ, ಆಮೆ, ಮುಳ್ಳುಹಂದಿ ಮುಂತಾದವನ್ನು ಕೊಲ್ಲಬಾರದು. ಜೀವಿಗಳಿರುವ ಹೊಟ್ಟನ್ನು ಸುಡಬಾರದು. ವಿನಾಕಾರಣ ಕಾಡಿಗೆ ಬೆಂಕಿಯಿಡಬಾರದು. ಕೆಲವು ದಿನಗಳಲ್ಲಿ ಮೀನು ಹಿಡಿಯಬಾರದು.

7ನೆಯ ಸ್ತಂಭ ಶಾಸನ: ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿರುವ ತೋಪ್ರಾ ಸ್ತಂಭದಲ್ಲಿ ಮಾತ್ರ ಇದೆ. ಧರ್ಮವು ನಿಯಮದಿಂದಲೂ ಮನವೊಲಿಕೆಯಿಂದಲೂ ಬೆಳೆಯಿತು, ಆದರೆ ನಿಯಮದ ಫಲ ಅಲ್ಪ, ಮನವೊಲಿಕೆಯದೇ ಅಧಿಕ ಎಂದು ಆಜ್ಞೆ ಹೊರಡಿಸಿದ ದೊರೆಯೇ ಒಪ್ಪಿಕೊಳ್ಳುತ್ತಾನೆ.

ಕರ್ನಾಟಕದ ಮಸ್ಕಿ ಶಾಸನವು (ಪತ್ತೆಯಾದದ್ದು 1915) ಅಶೋಕ ಎಂಬ ಹೆಸರಿಗಾಗಿ ಪ್ರಸಿದ್ಧ. ಬ್ರಹ್ಮಗಿರಿಯ ಶಾಸನವು ಜೀವದಯೆಯನ್ನು ಬೋಧಿಸುತ್ತದೆ. ಇವು ಕಿರು ಶಿಲಾಶಾಸನಗಳು, ಮೇಲಿನವುಗಳೊಡನೆ ಬೆರೆಸಬಾರದು.

ಕೌಟಿಲ್ಯನ ಅರ್ಥಶಾಸ್ತ್ರವಾದರೋ ದಂಡವನ್ನೇ ನೆಚ್ಚುತ್ತದೆ. ರಕ್ಷಿತ ಪ್ರಾಣಿಗಳನ್ನು ಕೊಂದವರಿಗೆ ಅದು ದಂಡ ವಿಧಿಸುತ್ತದೆ. ಈ ಗ್ರಂಥವನ್ನು ಮೈಸೂರಿನಲ್ಲಿ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು.

ಮುಖ್ಯ ಒಪ್ಪಂದಗಳು

* ರಾಮ್ಸಾರ್ (ಇರಾನ್), 1971: ಜೌಗು ಪ್ರದೇಶಗಳು. ಭಾರತ ಸೇರಿದ್ದು 1982. ರಂಗನತಿಟ್ಟು, ಠಾಣೆ ಖಾರಿ, ಚೆನ್ನೈನ ಪಳ್ಳಿಕರಣೈ ಇವು 2022ರಲ್ಲಿ ಪಟ್ಟಿ ಸೇರಿದವು.
* ಸೈಟಿಸ್, ವಾಷಿಂಗ್ಟನ್, 1973: ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಣ.
* ವಿಯೆನ್ನಾ, 1985. ಮಾಂಟ್ರಿಯಲ್ ಪ್ರೋಟೋಕಾಲ್, 1987: ಓಝೋನ್ ಪದರ. ಕಿಗಾಲಿ ತಿದ್ದುಪಡಿ 2016.
* ಬಾಸೆಲ್, 1989: ಅಪಾಯಕಾರಿ ತ್ಯಾಜ್ಯದ ಸಾಗಣೆ.
* ರಿಯೊ, 1992: ಹವಾಮಾನ ಬದಲಾವಣೆ ಮತ್ತು ಜೀವವೈವಿಧ್ಯ ಒಪ್ಪಂದಗಳು ಸಹಿಗೆ ತೆರೆದದ್ದು.
* ಕ್ಯೋಟೊ: ಅಂಗೀಕಾರ 1997, ಜಾರಿ 2005.
* ಪ್ಯಾರಿಸ್: ಅಂಗೀಕಾರ 2015, ಜಾರಿ 2016.

ಎಡವುವ ಸ್ಥಳಗಳು

ಸ್ಟಾಕ್‌ಹೋಮ್ ಸಮ್ಮೇಳನ (1972) ಮಾನವ ಪರಿಸರ ಕುರಿತದ್ದು. ಸ್ಟಾಕ್‌ಹೋಮ್ ಒಪ್ಪಂದ (2001) ದೀರ್ಘಕಾಲ ಉಳಿಯುವ ವಿಷಕಾರಿ ಸಾವಯವ ರಾಸಾಯನಿಕಗಳದ್ದು. ಕಾರ್ಟಜೀನಾ ಜೈವಿಕ ಸುರಕ್ಷತೆಯ ಪ್ರೋಟೋಕಾಲ್ ಅಂಗೀಕಾರವಾದದ್ದು ಕಾರ್ಟಜೀನಾದಲ್ಲಲ್ಲ, 2000ದಲ್ಲಿ ಮಾಂಟ್ರಿಯಲ್‌ನಲ್ಲಿ. 2022ರ ಕುನ್‌ಮಿಂಗ್-ಮಾಂಟ್ರಿಯಲ್ ಚೌಕಟ್ಟು ಜೀವವೈವಿಧ್ಯಕ್ಕೆ ಸೇರಿದ್ದು, ಓಝೋನಿಗಲ್ಲ. ಅಂಗೀಕಾರದ ವರ್ಷ ಬೇರೆ, ಜಾರಿಯ ವರ್ಷ ಬೇರೆ. ಪ್ರಶ್ನೆಯನ್ನು ಎರಡು ಬಾರಿ ಓದತಕ್ಕದ್ದು.

ನಿಯಮವೋ, ಮನವೊಲಿಕೆಯೋ?

ಕ್ಯೋಟೊ ಮುಂದುವರಿದ ದೇಶಗಳ ಮೇಲೆ ಗುರಿಗಳನ್ನು ವಿಧಿಸಿತು. ಅಮೆರಿಕವು ಅದನ್ನು ಸ್ಥಿರೀಕರಿಸಲಿಲ್ಲ, ಕೆನಡಾ ಹೊರನಡೆಯಿತು. ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ನಿಗದಿಪಡಿಸುತ್ತದೆ. ಬಹುತೇಕ ಎಲ್ಲ ದೇಶಗಳೂ ಸೇರಿದವು. ಆದರೂ ಅಮೆರಿಕವು 2020ರಲ್ಲಿ ಹೊರಹೋಗಿ, 2021ರಲ್ಲಿ ಮರಳಿ, 2025ರಲ್ಲಿ ಮತ್ತೆ ನಿರ್ಗಮನವನ್ನು ಪ್ರಕಟಿಸಿತು. ಎರಡನ್ನೂ ಜೋಡಿಸಿದ್ದು ಮಾಂಟ್ರಿಯಲ್ ಪ್ರೋಟೋಕಾಲ್: ಕಟ್ಟುನಿಟ್ಟಾದ ಗಡುವು ಒಂದೆಡೆ, ಅಭಿವೃದ್ಧಿಶೀಲ ದೇಶಗಳಿಗೆ ಹೆಚ್ಚಿನ ಕಾಲಾವಕಾಶ ಮತ್ತು ಧನಸಹಾಯ ಇನ್ನೊಂದೆಡೆ. ವಿಶ್ವದ ಎಲ್ಲ ದೇಶಗಳೂ ಅದನ್ನು ಒಪ್ಪಿವೆ. ಓಝೋನ್ ಪದರವು ಚೇತರಿಸಿಕೊಳ್ಳುತ್ತಿದೆ.

ಪ್ರಬಂಧ ಪತ್ರಿಕೆಯಲ್ಲಿ ಪರಿಸರದ ಪ್ರಶ್ನೆ ಬಂದಾಗ ದಿನಾಂಕಗಳ ಪಟ್ಟಿಯನ್ನಷ್ಟೇ ಬರೆಯದೆ ಈ ತುಲನೆಯನ್ನು ಮುಂದಿಡಿ. ದೆಹಲಿಯಲ್ಲಿರುವ ನಮ್ಮ ಕುಟುಂಬಗಳು ಒಂದು ಭಾನುವಾರ ಮಕ್ಕಳನ್ನು ಕೋಟ್ಲಾಕ್ಕೆ ಕರೆದೊಯ್ಯಲಿ. ಪುಸ್ತಕದಲ್ಲಿ ಸಂಖ್ಯೆಯಾಗಿದ್ದ ಶಾಸನ ಅಲ್ಲಿ ಕಣ್ಣೆದುರು ನಿಂತಿದೆ.