ಪ್ರತಿಬಿಂಬ ಚಲನೆ: ಒಂದು ನರಮಾರ್ಗದ ಚರಿತ್ರೆ

ಬಲಗೈಯ ಬೆರಳುಗಳನ್ನು ಮಡಿಸಿದೊಡನೆ ಎಡಗೈಯ ಬೆರಳುಗಳೂ, ಇಚ್ಛೆಯಿಲ್ಲದೆಯೇ, ಅದೇ ರೀತಿಯಲ್ಲಿ ಮಡಿಯುವುದುಂಟು. ಇದನ್ನು ಪ್ರತಿಬಿಂಬ ಚಲನೆ ಎನ್ನಬಹುದು. ಎಳೆಯ ಮಕ್ಕಳಲ್ಲಿ ಇದರ ಛಾಯೆ ಸಹಜವಾಗಿಯೇ ಇದ್ದು ಸುಮಾರು 10ನೆಯ ವಯಸ್ಸಿನ ವೇಳೆಗೆ ಅಡಗುತ್ತದೆ. ಕೆಲವರಲ್ಲಿ ಮಾತ್ರ ಅದು ಜೀವನಪರ್ಯಂತ ಉಳಿಯುತ್ತದೆ. ಅಂಥವರ ಬುದ್ಧಿಶಕ್ತಿಗೆ ಸಾಮಾನ್ಯವಾಗಿ ಕುಂದಿಲ್ಲ. ಆದರೆ ಗುಂಡಿ ಹಾಕಿಕೊಳ್ಳುವಂಥ, ಎರಡು ಕೈಗಳೂ ಬೇರೆ ಬೇರೆ ಕೆಲಸ ಮಾಡಬೇಕಾದ ಸಂದರ್ಭಗಳೆಲ್ಲ ಅವರಿಗೆ ಕಷ್ಟಕರವೇ.

ಇದರ ಕಾರಣವನ್ನರಸುವವರು ಮೊದಲು ತಿಳಿಯಬೇಕಾದುದು ಮೆದುಳಿನ ಒಂದು ಪಾರ್ಶ್ವವು ದೇಹದ ಇನ್ನೊಂದು ಪಾರ್ಶ್ವವನ್ನಾಳುತ್ತದೆಂಬ ಸಂಗತಿಯನ್ನು. ತಲೆಯ ಒಂದು ಬದಿಗೆ ಗಾಯವಾದರೆ ದೇಹದ ಎದುರುಬದಿಯಲ್ಲಿ ಸೆಳವು ಕಾಣಿಸಿಕೊಳ್ಳುವುದನ್ನು ಹಿಪ್ಪೊಕ್ರೇಟಿಸನ ಹೆಸರಿನ ಗ್ರಂಥಗಳು ಆಗಲೇ ಹೇಳಿದ್ದವು. ಹೀಗೇಕೆಂಬುದಕ್ಕೆ ಉತ್ತರ ಬಂದುದು 1709ರಲ್ಲಿ ಇಟಲಿಯ ಮಿಸ್ಟಿಕೆಲ್ಲಿಯಿಂದ, 1710ರಲ್ಲಿ ಫ್ರೆಂಚ್ ಸೇನಾವೈದ್ಯ ಪೂರ್ಫೂರ್ ದ್ಯು ಪೆಟಿಯಿಂದ. ಮೆದುಳು ಬೆನ್ನುಹುರಿಯನ್ನು ಕೂಡುವೆಡೆಯಲ್ಲಿ ನರತಂತುಗಳು ಒಂದನ್ನೊಂದು ಅಡ್ಡಹಾಯುತ್ತವೆಂದು ಇವರು ತೋರಿಸಿದರು. 1870ರಲ್ಲಿ ಬರ್ಲಿನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ನಾಯಿಯ ಮೆದುಳಿಗೆ ವಿದ್ಯುತ್ತನ್ನು ತಾಗಿಸಿ ಎದುರುಬದಿಯ ಕಾಲು ಅಲುಗುವುದನ್ನು ಕಂಡರು. ಪ್ರಯೋಗಗಳು ನಡೆದುದು ಹಿಟ್ಸಿಗನ ಮನೆಯಲ್ಲಿ ಎಂಬುದನ್ನು, ಸಲಕರಣೆಗಳ ಅಭಾವದ ಮಾತಾಡುವವರು ನೆನೆಯಬಹುದು!

ಆದರೂ ಪ್ರತಿಬಿಂಬ ಚಲನೆಯ ಪ್ರಶ್ನೆ ಎರಡು ಊಹೆಗಳ ನಡುವೆ ನಿಂತಿತ್ತು. ಒಂದು ಅರ್ಧಗೋಳವು ಕೆಲಸ ಮಾಡುವಾಗ ಇನ್ನೊಂದನ್ನು ತಡೆಹಿಡಿಯುವ ಶಕ್ತಿ ಕುಂದಿದೆಯೆ? ಅಥವಾ ಒಂದೇ ಅರ್ಧಗೋಳದಿಂದ ಎರಡೂ ಕೈಗಳಿಗೆ ತಂತುಗಳು ಹರಿದಿವೆಯೆ? ಶವಪರೀಕ್ಷೆಯಿಂದಷ್ಟೇ ಇದು ತೀರ್ಮಾನವಾಗುವಂತಿರಲಿಲ್ಲ. ಚಲಿಸುತ್ತಿರುವ ಕೈಯನ್ನೂ ಅದನ್ನಾಳುವ ಮೆದುಳನ್ನೂ ಒಟ್ಟಿಗೆ ಪರೀಕ್ಷಿಸಬೇಕಾಗಿತ್ತು. 1985ರಲ್ಲಿ ಷೆಫೀಲ್ಡಿನ ಬಾರ್ಕರ್ ಮತ್ತು ಸಂಗಡಿಗರು, ತಲೆಬುರುಡೆಯನ್ನು ತೆರೆಯದೆಯೇ ಕಾಂತಶಕ್ತಿಯಿಂದ ಮೆದುಳನ್ನು ಚೋದಿಸುವ ವಿಧಾನವನ್ನು ಪ್ರಕಟಿಸಿದರು. ಸಾಮಾನ್ಯ ವ್ಯಕ್ತಿಯ ಒಂದು ಅರ್ಧಗೋಳವನ್ನು ಚೋದಿಸಿದರೆ ಎದುರುಬದಿಯ ಕೈ ಮಿಡಿಯುತ್ತದೆ. ಹುಟ್ಟಿನಿಂದ ಈ ಲಕ್ಷಣವುಳ್ಳ ಅನೇಕರಲ್ಲಾದರೋ ಎರಡೂ ಕೈಗಳು ಹೆಚ್ಚುಕಡಿಮೆ ಏಕಕಾಲದಲ್ಲಿ ಮಿಡಿದವು. ಎರಡನೆಯ ಊಹೆಗೆ ಇದು ಬಲವಾದ ಸಾಕ್ಷ್ಯ. ಆದರೆ ಮೊದಲನೆಯದನ್ನು ಇಲ್ಲಿಗೇ ತಳ್ಳಿಹಾಕುವುದು ಆತುರವಾದೀತು. ರೋಗಿಯು ಒಂದೇ ಕೈಯನ್ನು ಆಡಿಸಲೆತ್ನಿಸುವಾಗಲೂ ಎರಡು ಅರ್ಧಗೋಳಗಳೂ ಚಟುವಟಿಕೆ ತೋರುವುದು ಕಂಡುಬಂದಿದೆ. ಮಕ್ಕಳಲ್ಲಿ ಕಾಣುವುದಕ್ಕಂತೂ ತಡೆಯ ಅಪಕ್ವತೆಯೇ ಹೆಚ್ಚು ಹೊಂದುವ ವಿವರಣೆಯೆಂದು ನಮಗೆ ತೋರುತ್ತದೆ.

ತಂತುಗಳು ದಾರಿ ತಪ್ಪುವುದೇಕೆ? 1994ರಲ್ಲಿ, ಬೆಳೆಯುವ ನರತಂತುಗಳಿಗೆ ದಿಕ್ಕು ತೋರುವ ಒಂದು ಪ್ರೋಟೀನನ್ನು ಕಂಡವರು ಅದನ್ನು ‘ನೆಟ್ರಿನ್’ ಎಂದು ಕರೆದರು. ನಮ್ಮ ‘ನೇತಾರ’ ಪದಕ್ಕೆ ಮೂಲವಾದ ಸಂಸ್ಕೃತದ ‘ನೇತೃ’ ಶಬ್ದವೇ ಈ ಹೆಸರಿಗೂ ಆಧಾರ. ನೆಟ್ರಿನ್ನಿನ ಸಂದೇಶವನ್ನು ಗ್ರಹಿಸುವ ಪ್ರೋಟೀನಿನ ವಂಶವಾಹಿ ಡಿ.ಸಿ.ಸಿ.; ಅದು 1990ರಲ್ಲಿ ಮೊದಲು ಗುರುತಿಸಲ್ಪಟ್ಟುದು ಕರುಳಿನ ಕ್ಯಾನ್ಸರಿನ ಸಂಶೋಧನೆಯಲ್ಲಿ. 2010ರಲ್ಲಿ, ಫ್ರೆಂಚ್-ಕೆನೆಡಿಯನ್ ಮತ್ತು ಇರಾನಿ ಕುಟುಂಬಗಳಲ್ಲಿ ಪ್ರತಿಬಿಂಬ ಚಲನೆಗೆ ಇದೇ ವಂಶವಾಹಿಯ ದೋಷ ಕಾರಣವೆಂದು ತಿಳಿದುಬಂದಿತು. ದೋಷವನ್ನು ಹೊತ್ತಿದ್ದೂ ಲಕ್ಷಣವಿಲ್ಲದವರು ಅಂಥ ಮನೆತನಗಳಲ್ಲಿ ಇದ್ದಾರೆ.