ಗ್ರಾಮಫೋನ್ ಉದ್ಯಮದ ಕೇಂದ್ರೀಕರಣ ಮತ್ತು ಮೌಖಿಕ ಪರಂಪರೆ

ಹೊಸ ತಂತ್ರಜ್ಞಾನವೊಂದು ಬಳಕೆಗೆ ಬಂದಾಗ ಹತ್ತಾರು ಕಂಪನಿಗಳು ಹುಟ್ಟಿಕೊಳ್ಳುವುದೂ, ಕೆಲವೇ ದಶಕಗಳಲ್ಲಿ ಒಂದೆರಡು ಮಾತ್ರ ಉಳಿಯುವುದೂ ಉದ್ಯಮ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಂಡುಬರುವ ಸಂಗತಿ. ಭಾರತದ ಗ್ರಾಮಫೋನ್ ಉದ್ಯಮ ಇದಕ್ಕೆ ಉತ್ತಮ ನಿದರ್ಶನ. ಹಳೆಯ ಧ್ವನಿಮುದ್ರಿಕೆಗಳನ್ನು ಆಕರವಾಗಿ ಬಳಸುವ ಜಾನಪದ ಸಂಶೋಧಕರು ಈ ಚರಿತ್ರೆಯನ್ನು ಅವಶ್ಯವಾಗಿ ಗಮನಿಸಬೇಕಾಗುತ್ತದೆ.

1902ರ ನವೆಂಬರ್‌ನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಇದೇ ಗಾಯಕಿ ಮುಂದೆ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಗೈಸ್‌ಬರ್ಗ್‌ನ ಬೆನ್ನಿಗೇ ನಿಕೋಲ್, ಬೇಕಾ, ಓಡಿಯನ್, ಪಾಥೆ ಮೊದಲಾದ ಕಂಪನಿಗಳು ಇಲ್ಲಿಗೆ ಬಂದವು. ಸ್ವದೇಶಿ ಚಳವಳಿಯ ಕಾಲದಲ್ಲಿ ಕಲ್ಕತ್ತೆಯ ಹೇಮೇಂದ್ರ ಮೋಹನ್ ಬೋಸ್ ಅವರು ಸಿಲಿಂಡರ್ ಧ್ವನಿಮುದ್ರಿಕೆಗಳನ್ನು ಹೊರತಂದರು; ರವೀಂದ್ರನಾಥ ಟಾಗೂರರ ದನಿಯೂ ಅವುಗಳಲ್ಲಿತ್ತು.

ಇಷ್ಟು ಕಂಪನಿಗಳು ಮರೆಯಾದುದು ಹೇಗೆ? ತಟ್ಟೆಯ ಮುಂದೆ ಸಿಲಿಂಡರ್ ನಿಲ್ಲಲಿಲ್ಲ. ಬೋಸರ ಸಿಲಿಂಡರುಗಳಲ್ಲಿ ಬಹುಪಾಲು ಇಂದು ದೊರೆಯುವುದಿಲ್ಲ. ರಟ್ಟಿನ ಮೇಲೆ ಸೆಲ್ಯುಲಾಯ್ಡ್ ಲೇಪಿಸಿದ ನಿಕೋಲ್ ತಟ್ಟೆಗಳ ಆಯುಷ್ಯವೂ ಅಲ್ಪವಾಗಿತ್ತು. ಆದರೆ ತಾಂತ್ರಿಕ ಗುಣಮಟ್ಟಕ್ಕಿಂತ ನಿರ್ಣಾಯಕವಾದುದು ಉತ್ಪಾದನೆಯ ಮೇಲಿನ ಹಿಡಿತ. ಮೊದಲು ಜರ್ಮನಿಯ ಹ್ಯಾನೋವರ್‌ನಲ್ಲಿ ತಟ್ಟೆಗಳನ್ನು ಅಚ್ಚು ಮಾಡಿಸಿ ಹಡಗಿನಲ್ಲಿ ತರಿಸುತ್ತಿದ್ದ ಗ್ರಾಮಫೋನ್ ಕಂಪನಿ, 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ತೆರೆಯಿತು. 1914ರ ಮಹಾಯುದ್ಧ ಜರ್ಮನ್ ಕಂಪನಿಗಳ ಸರಕನ್ನು ತಡೆಯಿತು. ಅತ್ತ ಯುರೋಪಿನಲ್ಲಿ ಬೇಕಾ ಮತ್ತು ಓಡಿಯನ್ 1911ರ ಹೊತ್ತಿಗೆ ಬರ್ಲಿನ್ನಿನ ಲಿಂಡ್‌ಸ್ಟ್ರೋಮ್ ಸಂಸ್ಥೆಯ ವಶವಾಗಿದ್ದವು. 1920ರ ದಶಕದಲ್ಲಿ ಲಿಂಡ್‌ಸ್ಟ್ರೋಮ್ ಮತ್ತು ಪಾಥೆ ಎರಡನ್ನೂ ಕೊಲಂಬಿಯಾ ಕೊಂಡಿತು. 1931ರಲ್ಲಿ ಕೊಲಂಬಿಯಾ ಮತ್ತು ಗ್ರಾಮಫೋನ್ ಕಂಪನಿ ಒಂದಾಗಿ ಇಎಂಐ ರೂಪುಗೊಂಡಿತು. ಆದರೂ ತಟ್ಟೆಗಳ ಮೇಲೆ ಹಳೆಯ ಹೆಸರುಗಳೇ ಮುಂದುವರಿದವು. ಹೆಸರುಗಳು ಹಲವು, ಒಡೆತನ ಒಂದು ಎಂಬುದು ಕೇಳುಗರಿಗೆ ತಿಳಿಯುವಂತಿರಲಿಲ್ಲ.

ನೀಲಗಾರರು ಇರುಳಿಡೀ ಹಾಡುವ ಮಂಟೇಸ್ವಾಮಿ ಕಾವ್ಯ ಮೂರು ನಿಮಿಷದ ತಟ್ಟೆಯಲ್ಲಿ ಹಿಡಿಸುವಂಥದಲ್ಲ. ಆ ಮಿತಿ ಎಲ್ಲ ಕಂಪನಿಗಳಿಗೂ ಸಮಾನವಾಗಿತ್ತು. ಆದರೆ ಆ ಮೂರು ನಿಮಿಷ ಯಾರಿಗೆ ಸಲ್ಲಬೇಕೆಂಬ ತೀರ್ಮಾನ ಬಹುಮಟ್ಟಿಗೆ ಒಂದೇ ಆಡಳಿತದ ಕೈಸೇರಿದ್ದು ಕೇಂದ್ರೀಕರಣದ ಫಲ. 1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್ ಬಂದು, ಸಣ್ಣ ಬಂಡವಾಳದವರೂ ಧ್ವನಿಮುದ್ರಿಕೆಗಳನ್ನು ಹೊರತರುವಂತಾದಾಗ ಜನಪದ ಗಾಯಕರಿಗೂ ಅವಕಾಶ ತೆರೆದುದನ್ನು ಇಲ್ಲಿ ನೆನೆಯಬೇಕು.

ಆದ್ದರಿಂದ ಉಳಿದ ಕಂಪನಿಯ ಪಟ್ಟಿಯನ್ನೇ ಒಂದು ನಾಡಿನ ಗಾಯನ ಚರಿತ್ರೆಯೆಂದು ಭಾವಿಸುವುದು ಸರಿಯಲ್ಲ. ತಟ್ಟೆಯಲ್ಲಿ ಇಲ್ಲದ ದನಿ ನಾಡಿನಲ್ಲಿಯೂ ಇರಲಿಲ್ಲವೆಂದು ಹೇಳಲಾಗದು.